ಮೂರು ದಿನದ ಪ್ರಯೋಗಶಾಲೆ

ಬೆಳಗಾಗುವ ಮೊದಲು ಶಿವಗಂಗಾ ಮಾಡುವ ಕೆಲಸಗಳು ಇವು. ನಳ ಬಂದ ಸಪ್ಪಳಕ್ಕೆ ಎದ್ದು ಕೊಡ, ಬಕೆಟ್ಟು, ಹಂಡೆ ತುಂಬುವುದು. ಬಾಗಿಲಿಗೆ ನೀರು ಹಾಕಿ ರಂಗೋಲಿಯ ನಾಲ್ಕು ಗೆರೆ ಎಳೆಯುವುದು. ಅತ್ತೆಗೆ ಸಕ್ಕರೆ ಇಲ್ಲದ ಚಹಾ, ಗಂಡನಿಗೆ ಸಕ್ಕರೆ ಹಾಕಿದ ಚಹಾ, ತನಗೆ ಎರಡರಲ್ಲಿ ಯಾವುದು ಉಳಿದಿದೆಯೋ ಅದು. ಎಸರಿಟ್ಟು, ಹಿಟ್ಟು ನಾದಿ, ರೊಟ್ಟಿ ಬಡಿಯುವುದು. ಒಂದು ಒಲೆಯಲ್ಲಿ ಪಲ್ಯ, ಇನ್ನೊಂದರಲ್ಲಿ ಹಾಲು. ಗಂಡನ ಡಬ್ಬಿ, ಮಗಳ ಡಬ್ಬಿ, ತನ್ನ ಡಬ್ಬಿ. ಅತ್ತೆಯ ಸಕ್ಕರೆ ಕಾಯಿಲೆಯ ಗುಳಿಗೆ. ರಾತ್ರಿ ನೆನೆಹಾಕಿದ ಗಂಡನ ಗಿರಣಿ ಅಂಗಿಯನ್ನು ತಿಕ್ಕಿ ಹಿಂಡುವುದು. ಮಗಳ ಜಡೆ. ಇಷ್ಟಾಗುವಾಗ ದಾಂಡೇಲಿಯ ಕಾಗದದ ಗಿರಣಿಯ ಭೋಂಗಾ ಕೂಗುತ್ತದೆ, ಮನೆಯಲ್ಲಿ ಉಳಿದವರಿಗೆ ಆಗ ಬೆಳಗಾಗುತ್ತದೆ.

ತಿಂಗಳಲ್ಲಿ ಮೂರು ದಿನ ಮಾತ್ರ ಈ ಪಟ್ಟಿ ಬೇರೆ. ಆ ಮೂರು ದಿನ ಆಕೆ ಹಿತ್ತಲ ಪಡಸಾಲೆಯಲ್ಲಿ ಚಾಪೆಯ ಮೇಲಿಂದ ಎದ್ದು, ಪುಟ್ಟ ತಕ್ಕಡಿಯಲ್ಲಿ ಯೂರಿಯಾ ತೂಗುತ್ತಾಳೆ. ಅದರ ಜೊತೆ ವೆನಿಲಿನ್ ಎಂಬ ಬಿಳಿ ಪುಡಿ ಸೇರಿಸಿ, ಹಣ್ಣಿನ ವಾಸನೆಯ ಎಸ್ಟರ್ ಒಂದಿಷ್ಟು ಹನಿಸಿ, ಪಿಂಗಾಣಿಯ ಕಲಬತ್ತಿನಲ್ಲಿ ಅರೆಯುತ್ತಾಳೆ. ಅರೆದದ್ದನ್ನು ಗಾಜಿನ ಬೀಕರಿಗೆ ಬಳಿದು ಮೈಕ್ರೋವೇವ್ ಓವನ್ನಿನಲ್ಲಿ ಇಡುತ್ತಾಳೆ. ತುಸು ಕಾಸಿ, ನಿಲ್ಲಿಸಿ, ಕಲಕಿ, ಮತ್ತೆ ತುಸು ಕಾಸುತ್ತಾಳೆ. ಬಿಸಿ ಮುದ್ದೆಯನ್ನು ತಣ್ಣೀರಿಗೆ ಸುರಿದಾಗ ಅದು ಗಟ್ಟಿಯಾಗಿ ತಳಕ್ಕೆ ಕೂಡುತ್ತದೆ. ಅದನ್ನು ಸೋಸಿ, ಕಾಗದದ ಮೇಲೆ ಹರವಿ, ಚೀಟಿ ಅಂಟಿಸುತ್ತಾಳೆ. ಅಷ್ಟೂ ಹೊತ್ತು ಒಳಗೆ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿರುತ್ತದೆ. ಬಡಿಯುವ ಕೈ ಅತ್ತೆ ಸಕ್ಕುಬಾಯಿಯದು.

ಆ ಮನೆಯಲ್ಲಿ ಹೆಂಗಸರು ಹೊರಗಾದರೆ ಮೂರು ದಿನ ಅಡಿಗೆಮನೆ ಮುಟ್ಟುವಂತಿಲ್ಲ. ಅವರಿಗೆ ಬೇರೆ ಚಾಪೆ, ಬೇರೆ ತಾಟು, ಬೇರೆ ಲೋಟ. ಕುಡಿಯುವ ನೀರಿನ ಕೊಡದ ಹತ್ತಿರ ಸುಳಿಯಬಾರದು. ಕಾಲೇಜಿಗೆ ಹೋಗಿ ಪಾಠ ಮಾಡಿ ಸಂಬಳ ತರುವುದಕ್ಕೆ ಮಾತ್ರ ಈ ಮೈಲಿಗೆ ಎಂದೂ ಅಡ್ಡ ಬಂದಿರಲಿಲ್ಲ.

ಶಿವಗಂಗಾಳ ಅಪ್ಪ ಧಾರವಾಡ ಕಡೆಯಿಂದ ಬಂದು ಇದೇ ಗಿರಣಿಯಲ್ಲಿ ದುಡಿದವನು. ಗಿರಣಿಯ ಹೊಗೆಯ ವಾಸನೆಯಲ್ಲೇ ಬೆಳೆದ ಹುಡುಗಿ, ಆ ವಾಸನೆ ಯಾವುದರಿಂದ ಬರುತ್ತದೆ ಎಂದು ಕೇಳಿ ಕೇಳಿ ರಸಾಯನಶಾಸ್ತ್ರಕ್ಕೆ ಬಿದ್ದಳು. ಧಾರವಾಡದಲ್ಲಿ ಎಂಎಸ್ಸಿ ಮುಗಿಸಿದ ವರ್ಷವೇ ಲಗ್ನವಾಯಿತು. ಗಂಡ ಉದಯಕುಮಾರ, ಅದೇ ಗಿರಣಿಯ ಪಾಳಿಯ ಕೆಲಸಗಾರ. ಆಮೇಲೆ ಜೊಯಿಡಾದಲ್ಲಿ ಒಂದಷ್ಟು ವರ್ಷ, ಈಗ ಹಳಿಯಾಳದಲ್ಲಿ ಅತಿಥಿ ಉಪನ್ಯಾಸಕಿ. ಹೆಸರಿಗೆ ಅತಿಥಿ. ರಜೆ ಬಂದರೆ ಕೆಲಸವೂ ಇಲ್ಲ, ಸಂಬಳವೂ ಇಲ್ಲ. ಪಿಎಚ್‌ಡಿ ಆದರೆ ಕಾಯಂ ಆಗುವ ದಾರಿ ತೆರೆದೀತು ಎಂದು ಧಾರವಾಡದ ಮಹಾಬಳೇಶ್ವರ ಸರ್ ಹತ್ತಿರ ಹೆಸರು ಹಚ್ಚಿದ್ದಳು.

ಸರ್ ಮೂರು ನಾಲ್ಕು ವಿಷಯ ಮುಂದಿಟ್ಟಿದ್ದರು. ಬಹಳಷ್ಟು ವಿಷಯಗಳಲ್ಲಿ ಆಲ್ಕೋಹಾಲಿನಂಥ ದ್ರಾವಕ ಹಾಕಿ ಇಡೀ ದಿನ ಕುದಿಸಬೇಕು, ಮೇಲಿನ ಗಾಜಿನ ಕೊಳವೆಯ ಸುತ್ತ ತಣ್ಣೀರು ಹರಿಯುತ್ತಿರಬೇಕು, ಬಿಟ್ಟು ಏಳುವಂತಿಲ್ಲ. ಒಂದರಲ್ಲಿ ಮಾತ್ರ ದ್ರಾವಕವೇ ಬೇಡ, ಅರೆದು ಮೈಕ್ರೋವೇವಿನಲ್ಲಿಟ್ಟರೆ ಕೆಲವೇ ನಿಮಿಷದಲ್ಲಿ ಕ್ರಿಯೆ ಮುಗಿಯುತ್ತದೆ. ಶಿವಗಂಗಾ ಅದನ್ನೇ ಆರಿಸಿಕೊಂಡಳು. "ಪರಿಸರಕ್ಕೂ ಚಲೋ ವಿಷಯ ಆರಿಸೀರಿ" ಎಂದು ಸರ್ ಮೆಚ್ಚಿದರು. ಆಕೆ ಪರಿಸರದ ಬಗ್ಗೆ ಯೋಚಿಸಿರಲಿಲ್ಲ. ತನಗೆ ಯಾರೂ ಇಡೀ ದಿನ ಕೊಡುವುದಿಲ್ಲ ಎಂಬುದೊಂದೇ ಆಕೆಗೆ ಗೊತ್ತಿದ್ದದ್ದು.

ಮಾಡಬೇಕಾಗಿದ್ದದ್ದು ಭಿನ್ನಚಕ್ರೀಯ ಸಂಯುಕ್ತಗಳು. ಅದನ್ನು ಆಕೆ ತರಗತಿಯಲ್ಲಿ ಹೀಗೆ ಹೇಳುತ್ತಿದ್ದಳು: "ಇಂಗಾಲದ ಕಣಗಳೆಲ್ಲ ಕೈ ಕೈ ಹಿಡಿದು ಉಂಗುರ ಆಗಿ ನಿಂತಾವ ಅಂತ ತಿಳೀರಿ. ಎಲ್ಲಾ ಒಂದ ಮನಿಯವ್ರು. ಅದರಾಗ ನೈಟ್ರೋಜನ್ ಅನ್ನೂ ಬ್ಯಾರೆ ಮನಿ ಕಣ ಬಂದು ಸೇರ್ಕೋತೈತಿ. ರೋಗದ ಅಣುಜೀವಿ ತಡಿಯೂ ಗುಣ ಉಂಗುರಕ್ಕ ಬರೂದು ಬಹಳ ಸಲ ಆಕಿ ಬಂದ ಮ್ಯಾಲೆನ." ಹಿಂದಿನ ಬೆಂಚಿನಿಂದ ಒಬ್ಬಳು, "ಸೊಸಿ ಅನ್ರಿ ಮಿಸ್" ಎಂದಿದ್ದಳು. ಎಲ್ಲರೂ ನಕ್ಕಿದ್ದರು.

ಓವನ್ನು ಕಾಲೇಜಿನಲ್ಲಿಡಲು ವಿಭಾಗದ ಮುಖ್ಯಸ್ಥರು ಒಪ್ಪಲಿಲ್ಲ. ಅತಿಥಿಗಳ ಸಾಮಾನಿಗೆ ಕರೆಂಟಿನ ಹೊಣೆ ಯಾರದು ಎಂದರು. ಮನೆಯಲ್ಲಿ ಲಗ್ನಕ್ಕೆ ಅಣ್ಣ ಕೊಟ್ಟ ಓವನ್ನಿತ್ತು. ಅದರಲ್ಲಿ ರೊಟ್ಟಿ ಬಿಸಿ ಮಾಡಿದರೆ ಚಕ್ಕಳವಾಗುತ್ತದೆಂದು ಯಾರೂ ಬಳಸುತ್ತಿರಲಿಲ್ಲ, ಅದರ ಮೇಲೆ ಸ್ಟೀಲಿನ ತಾಟು ಒಟ್ಟುತ್ತಿದ್ದರು. ಶಿವಗಂಗಾ ತಾಟು ಇಳಿಸಿ ಅದನ್ನು ಹಿತ್ತಲ ಪಡಸಾಲೆಗೆ ಒಯ್ದಳು. ಎರಡು ಕಡೆ ಜಾಲರಿ ಇರುವ, ಗಾಳಿ ಆಡುವ ಜಾಗ. ಮನೆಯವರಿಗೆಲ್ಲ ಸ್ಪಷ್ಟವಾಗಿ ಹೇಳಿದಳು: "ಇನ್ನ ಮ್ಯಾಲೆ ಇದರಾಗ ಕೆಮಿಕಲ್ ಕಾಸ್ತೇನಿ. ವಿಷ ಇರತೈತಿ. ತಿನ್ನೂದು ಏನೂ ಇಡಬ್ಯಾಡ್ರಿ."

ಎಲ್ಲರೂ ಹೂಂ ಅಂದರು. ವಾರದೊಳಗೆ ಉದಯಕುಮಾರ ಪಾಳಿ ಮುಗಿಸಿ ಬಂದವನು ಅದರಲ್ಲೇ ಸಾರು ಬಿಸಿ ಮಾಡಿಕೊಂಡ. ಶಿವಗಂಗಾ ಪಿಂಗಾಣಿ ಬಟ್ಟಲು ಕಸಿದು ಸಾರನ್ನು ಬಚ್ಚಲಿಗೆ ಚೆಲ್ಲಿದಳು.

"ವರಸಿ ಇಟ್ಟೇನಲ್ಲ. ಏನ ಆಗತೈತಿ?" ಎಂದ ಅವನು.

"ವರಸಿದರ ಹೋಗೂದಲ್ಲರೀ ಅದು."

"ಗಿರಣ್ಯಾಗ ದಿನಾ ಅದನ್ನ ಉಸರಾಡತೇನಿ. ನಿನ್ನ ಒಂದ ಚಮಚಾ ಪುಡಿಗೆ ಸಾಯ್ತೇನೇನು?"

ಮರುದಿನ ಸಕ್ಕುಬಾಯಿ ಆ ಓವನ್ನಿನಲ್ಲಿ ಮೊಮ್ಮಗಳ ಹಾಲಿಡುವುದನ್ನು ಕಂಡಾಗ ಶಿವಗಂಗಾಳ ಬಾಯಿಂದ ಬೇರೆ ಮಾತು ಬಂತು. "ಅತ್ತಿ, ಮುಟ್ಟಬ್ಯಾಡ್ರಿ. ಹೊರಗಾದಾಗ ನಾ ಮುಟ್ಟಿದ್ದೈತಿ ಅದು."

ಸಕ್ಕುಬಾಯಿ ಕೆಂಡ ಮುಟ್ಟಿದವಳಂತೆ ಕೈ ಎಳೆದುಕೊಂಡಳು. ಹಾಲು ಚೆಲ್ಲಿ, ಕೈ ತೊಳೆದು, ತುಳಸಿಕಟ್ಟೆಗೆ ಕೈಮುಗಿದು ಬಂದಳು. ಅಂದಿನಿಂದ ಚಾಪೆ, ತಾಟು, ಲೋಟದ ಸಾಲಿಗೆ ಓವನ್ನೂ ಸೇರಿತು. ವಿಷವೆಂದರೆ ಮುಟ್ಟುತ್ತಿದ್ದ ಮನೆ ಮೈಲಿಗೆಯೆಂದ ಮೇಲೆ ಅದರತ್ತ ಸುಳಿಯಲಿಲ್ಲ.

ಹಾಗೆ ಆ ಪಡಸಾಲೆ ಆಕೆಯದಾಯಿತು. ಉಳಿದ ದಿನ ಪ್ರಯೋಗಕ್ಕೆ ಬಿಡುವೂ ಇರಲಿಲ್ಲ, ಮನಸ್ಸೂ ಬರುತ್ತಿರಲಿಲ್ಲ. ಕಾಸುವುದು ಕೆಲವೇ ನಿಮಿಷವಾದರೂ ತೂಗಿ, ಅರೆದು, ಸೋಸಿ, ತೊಳೆಯಲು ಹೊತ್ತು ಬೇಕು. ಆ ಪುಡಿ ಮುಟ್ಟಿದ ಕೈಯಲ್ಲಿ ಹಿಟ್ಟು ನಾದಲು ಆಕೆಗೆ ಧೈರ್ಯವಿರಲಿಲ್ಲ. ಹೊರಗಾದ ಮೂರು ದಿನ ಮಾತ್ರ ಆ ಕೈಗಳಿಂದ ಯಾರೂ ಅನ್ನ ಕೇಳುತ್ತಿರಲಿಲ್ಲ.

ಜೊತೆಗೆ ಪಾಠ ಮಾಡುವ ಇಶ್ರತ ಹಳಿಯಾಳದ ಬಸ್ಸಿನಲ್ಲಿ ಇದನ್ನು ಕೇಳಿ ಬಿದ್ದು ಬಿದ್ದು ನಕ್ಕಿದ್ದಳು. "ನಮ್ಮ ಕಡೆ ಆ ದಿನಾ ನಮಾಜಿಗೆ ಸೂಟಿ ಐತಿ, ಅಡಿಗಿಗೆ ಇಲ್ಲ. ದೇವರು ಬಿಟ್ಟಾನ, ಮನಿಯವ್ರು ಬಿಟ್ಟಿಲ್ಲ. ನಿಮ್ಮತ್ತಿ ಕಾಲ ಬೀಳ್ರಿ ಬಾಯಿ."

"ಬೀಳಾಕ ಮುಟ್ಟಬೇಕಲ್ಲ" ಎಂದಳು ಶಿವಗಂಗಾ. ಇಬ್ಬರೂ ಮತ್ತೆ ನಕ್ಕರು.

ವೆನಿಲಿನ್ ಕಾದಾಗ ಪಡಸಾಲೆಯೆಲ್ಲ ಐಸ್‌ಕ್ರೀಮಿನ ವಾಸನೆ. ಅದು ಸೀರೆಗೆ, ಕೂದಲಿಗೆ ಹತ್ತಿ ಉಳಿಯುತ್ತಿತ್ತು. ಸಿಹಿ ಬಿಟ್ಟು ವರ್ಷಗಳಾಗಿದ್ದ ಸಕ್ಕುಬಾಯಿ ಬಾಗಿಲಾಚೆಯಿಂದ ಮೂಗು ಹಿಗ್ಗಿಸಿ, "ಒಬ್ಬಾಕೀನ ಕುಂತು ಏನ ತಿನ್ನಾಕತ್ತೀಯ ನಮ್ಮವ್ವಾ? ಮುದುಕಿಗೆ ವಾಸನಿ ಅಷ್ಟನ ಏನು?" ಎನ್ನುತ್ತಿದ್ದಳು.

ಒಮ್ಮೆ ಪ್ರಯೋಗ ಕೆಟ್ಟು, ಮತ್ತೆ ಮಾಡಬೇಕಾಗಿ, ಶಿವಗಂಗಾ ಹೊರಗಾಗದೆಯೇ ಹೊರಗಾದೆ ಎಂದು ಹೇಳಿ ಚಾಪೆ ಹಾಸಿದಳು. ಸಕ್ಕುಬಾಯಿ ಆಕೆಯ ಲೋಟಕ್ಕೆ ಮೇಲಿಂದ ಚಹಾ ಸುರಿಯುತ್ತ, ಮುಖ ನೋಡದೆ ಹೇಳಿದಳು: "ಹೋದ ಅಮಾಸಿಗೆ ಕುಂತಿದ್ದಿ. ಈಗ ಹುಣ್ಣಿವಿ. ನಾ ಕಾಲೇಜು ಕಲ್ತಿಲ್ಲ ಖರೆ, ಚಂದ್ರನ್ನ ನೋಡಾಕ ಬರತೈತಿ."

ಶಿವಗಂಗಾ ತಲೆ ತಗ್ಗಿಸಿದಳು.

"ಕುಂದ್ರು, ಕುಂದ್ರು. ಹತ್ತು ಮಂದಿ ಮನ್ಯಾಗ ನಾ ಸೊಸಿ ಆಗಿ ಬಂದಾಕಿ. ಆ ಮೂರು ದಿನಾನ ನನ್ನ ಬೆನ್ನು ನೆಲಾ ಕಾಣತಿತ್ತು. ಬ್ಯಾನಿ ಅಂದರ ಬಿಡತಿರಲಿಲ್ಲ, ಜ್ವರ ಅಂದರ ಬಿಡತಿರಲಿಲ್ಲ, ಇದಕ್ಕ ಬಿಡತಿದ್ದರು. ನಾನೂ ಎಷ್ಟೋ ಸಲ ಸುಳ್ಳ ಹೇಳೇನಿ." ಅಷ್ಟು ಹೇಳಿ, ಬಾಗಿದ ಬೆರಳುಗಳಿಂದ ಸೊಂಟ ಒತ್ತಿಕೊಳ್ಳುತ್ತ ರೊಟ್ಟಿ ಬಡಿಯಲು ಒಳಗೆ ಹೋದಳು.

ಆ ಬೆರಳುಗಳು ಕಣ್ಣಿಗೆ ಬಿದ್ದಾಗಲೆಲ್ಲ ಶಿವಗಂಗಾಳಿಗೆ ಒಳಗೇ ಚುಚ್ಚುತ್ತಿತ್ತು. ತನ್ನ ಬಿಡುವಿನಲ್ಲಿ ಬಿಟ್ಟ ಮನೆಗೆಲಸವೆಲ್ಲ ಇನ್ನೊಬ್ಬ ಹೆಂಗಸಿನ ಕೈಗೇ ಹೋಗಿ ಬೀಳುತ್ತಿತ್ತು. ಒಂದು ಸಲ ಗಂಡನನ್ನು ಕೇಳಿಯೇ ಬಿಟ್ಟಳು. "ರೀ, ವಾರದಾಗ ಎರಡು ದಿನ ಮುಂಜಾನೆ ಅಡಿಗಿ ನೀವು ನೋಡ್ಕೋತೀರಿ? ಅನ್ನಾ ಸಾರು ಆದರೂ ಸಾಕು. ನನ್ನ ಕೆಲಸ ಲಗೂ ಮುಗೀತೈತಿ. ಅತ್ತೀಗೂ ತ್ರಾಸ ತಪ್ಪತೈತಿ."

ಉದಯಕುಮಾರ ಕೆಟ್ಟವನಲ್ಲ. ಕುಡಿಯುವವನಲ್ಲ, ಕೈ ಎತ್ತಿದವನಲ್ಲ. ಆಶ್ಚರ್ಯದಿಂದ ನೋಡಿ, "ಮೂರು ದಿನಾ ಸಿಗತಾವಲ್ಲ ನಿನಗ?" ಎಂದ. ಮತ್ತೆ ನಕ್ಕು, "ನಾ ಒಲಿ ಮುಂದ ನಿಂತದ್ದು ಕ್ವಾರ್ಟರ್ಸ್ ಲೈನಿನ ಮಂದಿ ಕಂಡರ ಗಿರಣ್ಯಾಗ ನನಗ ಹೆಂಗಸಿನಂಗ ಬಾಯಿ ಬಾಯಿ ಅಂತಾರ" ಎಂದು ಅಂಗಿ ತೊಟ್ಟು ಹೊರಟ. ಓದಿಗೆಂದರೆ ಬಿಡುವು ಕೊಡದ ಮನೆ ಅದು.

ಆಮೇಲೆ ಆಕೆ ಯಾರನ್ನೂ ಕೇಳಲಿಲ್ಲ. ಒಂದೊಂದೇ ತಿಂಗಳು, ಒಂದೊಂದೇ ಪುಡಿ ಸೇರುತ್ತ ಹೋಯಿತು. ತುಸು ಹಳದಿ, ತುಸು ಬಿಳಿ. ಒಂದು ಮಾತ್ರ ಹಸಿ ಕಡಲೆಹಿಟ್ಟಿನ ಬಣ್ಣಕ್ಕಿತ್ತು. ಧಾರವಾಡದಲ್ಲಿ ಅವನ್ನು ಅಣುಜೀವಿಗಳ ಮೇಲೆ ಹಾಕಿ ನೋಡಿದಾಗ ಎರಡರ ಸುತ್ತ ಅಣುಜೀವಿ ಬೆಳೆಯಲಿಲ್ಲ. ಗಾಜಿನ ತಟ್ಟೆಯಲ್ಲಿ ಆ ಖಾಲಿ ವೃತ್ತ ನೋಡಿಕೊಂಡು ಬಂದ ದಿನ, ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ದಾರಿಯುದ್ದಕ್ಕೂ ತಾನೊಬ್ಬಳೇ ಮುಗುಳ್ನಗುತ್ತಿದ್ದಳು.

ಪಿಎಚ್‌ಡಿಗೆ ಕೊಟ್ಟಿದ್ದ ಹೆಚ್ಚುವರಿ ಅವಧಿಯೂ ಮುಗಿಯುತ್ತ ಬಂದಿತ್ತು. ಈ ತಿಂಗಳ ಕೊನೆಗೆ ಉಳಿದ ಮೂರು ಸಂಯುಕ್ತ ಪರೀಕ್ಷೆಗೆ ಕೊಡಬೇಕು. ಕೊಟ್ಟರೆ ಪ್ರಬಂಧ, ಇಲ್ಲವಾದರೆ ಹೆಸರು ರದ್ದು. "ಇನ್ನ ನನ್ನ ಕೈಯಾಗ ಇಲ್ಲವ್ವಾ" ಎಂದಿದ್ದರು ಸರ್. ಕೊನೆಯ ಮೂರಕ್ಕೆ ಬರಲಿರುವ ಮೂರು ದಿನ ಸಾಕು ಎಂದು ಆಕೆ ಲೆಕ್ಕ ಹಾಕಿದ್ದಳು.

ಅದಕ್ಕೂ ಕೆಲವು ತಿಂಗಳು ಮೊದಲು ಮಗಳು ಜ್ಯೋತಿ ದೊಡ್ಡವಳಾದಳು. ಆಗ ಎಂಟನೆಯ ತರಗತಿ. ಸಕ್ಕುಬಾಯಿ ಸಂಭ್ರಮದಿಂದ ಕೊಬ್ಬರಿ ಬೆಲ್ಲದ ಉಂಡಿ ಕಟ್ಟಿದಳು. ಸೊಸೆಯ ಚಾಪೆಯ ಪಕ್ಕ, ಓವನ್ನಿನ ಕೆಳಗೆ, ಇನ್ನೊಂದು ಸಣ್ಣ ಚಾಪೆ ಹಾಸಿದಳು. ಹೊಸ ತಾಟು, ಹೊಸ ಲೋಟ ತಂದಿಟ್ಟಳು.

ಶಿವಗಂಗಾ ಅಡ್ಡ ನಿಂತಳು. "ಅತ್ತಿ, ಆಕಿಗೆ ಇದೆಲ್ಲಾ ಬ್ಯಾಡ. ಈಗ ಯಾರೂ ಮಾಡೂದಿಲ್ಲ."

"ಯಾರೂ ಅಂದರ? ನೀ ಕುಂದ್ರತಿ."

"ನಂದು ಬ್ಯಾರೆ ಅತ್ತಿ. ನಿಮಗ ಗೊತ್ತೈತಿ."

"ಗೊತ್ತೈತಿ. ಹಂಗಂತ ಒಂದ ಮನ್ಯಾಗ ಎರಡು ರೀತಿ ಆಗತೈತೇನು? ತಾಯಿ ಮೈಲಿಗಿ, ಮಗಳು ಮಡಿ? ಸುಳ್ಳು ಅಂತೀಯೋ, ಇಬ್ಬರಿಗೂ ಸುಳ್ಳು. ನಾಳಿಂದ ನೀನ ರೊಟ್ಟಿ ಬಡಿ. ಖರೆ ಅಂತೀಯೋ, ಇಬ್ಬರಿಗೂ ಖರೆ." ಸಕ್ಕುಬಾಯಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಹಾಗೆ ನೋಡಿದರೆ ಮೊಮ್ಮಗಳಿಗೂ ಒಂದು ವಿಶ್ರಾಂತಿಯ ಮೂಲೆ ಮಾಡಿಕೊಟ್ಟೆ ಎಂಬ ಸಮಾಧಾನವಿತ್ತು.

ಶಿವಗಂಗಾ ಕಣ್ಣೆತ್ತಿ ಓವನ್ನನ್ನು ನೋಡಿದಳು. ಅಡ್ಡ ನಿಂತ ಜಾಗ ಬಿಟ್ಟು ಪಕ್ಕಕ್ಕೆ ಸರಿದಳು.

ಜ್ಯೋತಿ ದಿನವೂ ಅಜ್ಜಿಯ ಹೊದಿಕೆಯೊಳಗೆ ಮಲಗುವ ಹುಡುಗಿ. ಅಜ್ಜಿಯನ್ನು ಆಯಿ ಎನ್ನುತ್ತಿದ್ದಳು. ಮೊದಲ ಸಲ ಆಯಿ ದೂರದಿಂದ, ಎತ್ತರದಿಂದ ಲೋಟಕ್ಕೆ ನೀರು ಸುರಿದಾಗ ಅವಳು ಅದನ್ನು ಆಟವೆಂದುಕೊಂಡು ನಕ್ಕಳು. ಎರಡನೆಯ ತಿಂಗಳು ನಗಲಿಲ್ಲ. ಮೂರನೆಯ ತಿಂಗಳು ಹೇಳಿಸಿಕೊಳ್ಳದೆ ತಾನೇ ಚಾಪೆ ಹಾಸಿಕೊಂಡಳು.

ಗಡುವಿನ ಆ ಕೊನೆಯ ತಿಂಗಳಲ್ಲಿ, ಜ್ಯೋತಿ ಹೊರಗಾಗಿ ಕೂತಿದ್ದಾಗಲೇ, ಸಕ್ಕುಬಾಯಿಗೆ ಜ್ವರ ಬಂತು. ಶಿವಗಂಗಾ ಸಂಜೆ ಕಾಲೇಜಿನಿಂದ ಮರಳಿದಾಗ ಹಿತ್ತಲಲ್ಲಿ ಮಗಳು ಕೂತು ತನ್ನ ಎರಡೂ ಕೈಗಳನ್ನು ಪಾತ್ರೆ ತಿಕ್ಕುವ ತಂತಿಯ ಜುಬ್ಬರದಿಂದ ತಿಕ್ಕುತ್ತಿದ್ದಳು. ಬೆರಳ ಸಂದಿಯಲ್ಲಿ ಚರ್ಮ ಸುಲಿದು ಕೆಂಪಾಗಿತ್ತು.

"ಏನಾಗೇತಿ ಜ್ಯೋತಿ? ಏನ ಮಾಡಾಕತ್ತೀ?"

"ಆಯಿಗೆ ಜ್ವರ ನನ್ನಿಂದ ಬಂದಾವ ಅವ್ವ. ನಿನ್ನೆ ಮರತು ಆಕಿ ನೀರಿನ ತಂಬಗಿ ಮುಟ್ಟಿದ್ದೆ. ಯಾರಿಗೂ ಹೇಳಿಲ್ಲ."

"ಹುಚ್ಚಿ, ಮುಟ್ಟಿದರ ಜ್ವರ ಬರೂದಿಲ್ಲ. ಊರಾಗೆಲ್ಲಾ ಬಂದಾವ."

"ಮತ್ತ ಕರೆಂಟ್ ಒಲಿ?" ಜ್ಯೋತಿ ಪಡಸಾಲೆಯತ್ತ ಮುಖ ತಿರುಗಿಸಿದಳು. "ನೀನ ಹೇಳಿದ್ದಿ, ಅದರಾಗ ವಿಷಾ ಐತಿ ಅಂತ. ಆಯಿ ಹೇಳ್ತಾಳ, ಹೊರಗಾದಾಗ ನೀ ಮುಟ್ಟಿದ್ದಕ್ಕ ಅದು ಹಂಗ ಆಗೇತಿ ಅಂತ. ನೀನೂ ಹೌದಂದಿ. ಅಂದರ ಆ ವಿಷಾ ನಮ್ಮ ಮೈಯಾಗಿಂದ ಬರತೈತಲ್ಲ? ನೀ ಕೆಮಿಸ್ಟ್ರಿ ಕಲಸಾಕಿ. ನಿನಗ ಗೊತ್ತಿದ್ದಕ್ಕನ ನೀ ಕುಂದ್ರತಿ."

ಶಿವಗಂಗಾ ಮಗಳ ಕೈಗಳನ್ನು ತನ್ನ ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡಳು. ಇಲ್ಲ ಎಂದಳು. ಅದು ಬೇರೆ, ಇದು ಬೇರೆ ಎಂದಳು. ಓವನ್ನಿನಲ್ಲಿ ಇರುವುದು ಏನು, ಮೈಯಿಂದ ಹೋಗುವುದು ಏನು, ಎರಡನ್ನೂ ಪಾಠದ ಹಾಗೆ ಬಿಡಿಸಿ ಹೇಳಿದಳು. ಹುಡುಗಿ ಕೊನೆಯವರೆಗೂ ಕೇಳಿದಳು. ಮತ್ತೆ ಕೈ ಬಿಡಿಸಿಕೊಂಡು, ಸೆರಗು ಎಲ್ಲಿ ಎಲ್ಲಿ ತನಗೆ ತಗುಲಿತ್ತೆಂದು ನೋಡಿ, "ನೀ ಸೀರಿ ಬದಲ ಮಾಡಿ ಒಳಗ ಹೋಗು ಅವ್ವ. ಆಯಿಗೆ ಇನ್ನೂ ಹೆಚ್ಚ ಆದೀತು" ಎಂದಳು.

ಸಕ್ಕುಬಾಯಿಯ ಜ್ವರ ಇಳಿಯಿತು. ಜ್ಯೋತಿಯ ಬೆರಳುಗಳೂ ಮಾದವು. ತನ್ನ ಮೂರು ದಿನ ಮುಗಿದ ಮೇಲೂ ಹುಡುಗಿ ಆಯಿಯ ಹೊದಿಕೆಯೊಳಗೆ ಮಲಗಲು ಹೋಗಲಿಲ್ಲ. ಗೋಡೆಯ ಅಂಚಿನಲ್ಲಿ, ಬೇರೆ ಹಾಸಿಕೊಂಡು ಮಲಗಿದಳು. ಯಾಕೆ ಎಂದು ಸಕ್ಕುಬಾಯಿ ಕೇಳಿದರೆ, ಸೆಕೆ ಎಂದಳು.

ಒಂದು ವಾರ ಕಳೆದು ಶಿವಗಂಗಾ ಹೊರಗಾದಳು. ಸಂಜೆಯೇ ಚಾಪೆ ಹಾಸಿ, ಬೇಕಾದ ಪುಡಿಗಳನ್ನು ತೂಗಿ ಸಾಲಾಗಿ ಇಟ್ಟುಕೊಂಡಳು. ಇನ್ನೂ ಬೆಳಕು ಹರಿಯದಿರುವಾಗ ನಳ ಬಂದ ಸಪ್ಪಳಕ್ಕೆ ಎಚ್ಚರವಾಯಿತು. ಒಳಗೆ ಇನ್ನೂ ಯಾರೂ ಎದ್ದಿರಲಿಲ್ಲ. ಸ್ವಲ್ಪ ಹೊತ್ತಿಗೆ ಸಕ್ಕುಬಾಯಿ ಏಳುತ್ತಾಳೆ, ಸೊಂಟ ಹಿಡಿದುಕೊಂಡು ಒಲೆ ಹಚ್ಚುತ್ತಾಳೆ. ಆಕೆ ಎದ್ದರೆ ಈ ದಿನವೂ ಎಂದಿನಂತೆ ಸಾಗಿಹೋಗುತ್ತದೆ.

ಶಿವಗಂಗಾ ಕಲಬತ್ತಿಗೆ ಯೂರಿಯಾ ಸುರಿದಳು, ವೆನಿಲಿನ್ ಸುರಿದಳು. ಒಂದೆರಡು ಸುತ್ತು ಅರೆದಳು. ಸಿಹಿ ವಾಸನೆ ಎದ್ದಿತು. ಓವನ್ನಿನ ಕೆಳಗೆ ಗೋಡೆಗೆ ಒರಗಿಸಿಟ್ಟ ಮಗಳ ಚಾಪೆಯ ಸುರುಳಿಯನ್ನು ನೋಡುತ್ತ ಕೂತಳು. ಅದರ ತುದಿಗೆ ಜ್ಯೋತಿ ಬಣ್ಣದ ದಾರದಿಂದ ತನ್ನ ಹೆಸರಿನ ಮೊದಲ ಅಕ್ಷರ ಹೊಲಿದಿದ್ದಳು, ಅವ್ವನ ಚಾಪೆಯೊಂದಿಗೆ ಅದಲುಬದಲಾಗದಿರಲಿ ಎಂದು.

ಅರೆದದ್ದನ್ನು ಆಕೆ ಬೀಕರಿಗೆ ಹಾಕಲಿಲ್ಲ. ಕಾಗದಕ್ಕೆ ಬಳಿದು, ಮಡಚಿ, ಚೀಟಿ ಅಂಟಿಸದೆ ಪೆಟ್ಟಿಗೆಯೊಳಗಿಟ್ಟಳು. ಉಳಿದ ಪುಡಿಗಳ ಮುಚ್ಚಳ ಬಿಗಿದಳು. ಕೈಗಳನ್ನು ಮೊಣಕೈವರೆಗೂ ಸೋಪು ಹಚ್ಚಿ, ಮತ್ತೊಮ್ಮೆ ಹಚ್ಚಿ, ಉಗುರ ಸಂದಿ ಬಿಡದೆ ತೊಳೆದಳು. ಆಮೇಲೆ ಓವನ್ನಿನ ಪ್ಲಗ್ಗು ಕಿತ್ತು, ಹೊಲಿಗೆಯ ದೊಡ್ಡ ಕತ್ತರಿಯಿಂದ ಅದರ ವಾಯರನ್ನು ಬುಡದಲ್ಲೇ ಕತ್ತರಿಸಿದಳು. ಮೈಲಿಗೆ ಎಂಬ ಮಾತೇ ಹೋದರೆ ಮರುದಿನವೇ ಈ ಮನೆ ಅದರಲ್ಲಿ ಹಾಲಿಡುತ್ತದೆ ಎಂಬುದು ಆಕೆಗೆ ಗೊತ್ತಿತ್ತು. ವಾಯರು ದಪ್ಪವಿತ್ತು, ಎರಡೂ ಕೈ ಹಾಕಿ ಒತ್ತಬೇಕಾಯಿತು.

ಎರಡೂ ಚಾಪೆಗಳನ್ನು ಬಚ್ಚಲ ಒಲೆಯ ಬಾಯಿಗೆ ತುರುಕಿದಳು.

ಹೊಸ್ತಿಲ ಹತ್ತಿರ ಬಂದು ನಿಂತಳು. ಹೊಟ್ಟೆಯ ಕೆಳಗೆ ಎರಡನೆಯ ದಿನದ ನೋವು ಹಿಂಡುತ್ತಿತ್ತು. ಬೇರೆ ತಿಂಗಳಾಗಿದ್ದರೆ ಅರೆಯುವ ನಡುವೆ ಐದು ನಿಮಿಷ ಅಡ್ಡಾಗುತ್ತಿದ್ದಳು. ಒಳಗೆ ಸಕ್ಕುಬಾಯಿ ಮಗ್ಗಲು ಬದಲಿಸಿದ ಸಪ್ಪಳವಾಯಿತು, ಮತ್ತೆ ಸುಮ್ಮನಾಯಿತು.

ಶಿವಗಂಗಾ ಹೊಸ್ತಿಲು ದಾಟಿದಳು. ಕುಡಿಯುವ ನೀರಿನ ಕೊಡದ ಮುಚ್ಚಳ ತೆಗೆದು, ತಂಬಿಗೆಯನ್ನು ಒಳಗೆ ಅದ್ದಿ, ರೊಟ್ಟಿಗೆ ಎಸರಿಟ್ಟಳು.